ನೆರೆ ನಕ್ಷೆಗೆ ದುಡ್ಡು: ಆ 20 ಪಾಲಿನಲ್ಲಿ ಹುಡುಕಿ

ಕಾಸರಗೋಡಿನ ಮಧುವಾಹಿನಿ ಹೊಳೆ ದಡದ ನಿಮ್ಮ ವಾರ್ಡಿಗೆ ನೆರೆ ನಕ್ಷೆ, ಅಂದ್ರೆ ನೆರೆ ನೀರು ಎಲ್ಲೆಲ್ಲಿ ಏರುತ್ತದೆ ಎಂದು ತೋರಿಸುವ ನಕ್ಷೆ, ಮಾಡಿಸಲು ಅನುದಾನ ಸಿಗುತ್ತದಾ, ಪಂಚಾಯತಿಯಲ್ಲಿ ದುಡ್ಡಿಲ್ಲ ಅಂತಾರೆ ಎಂದು ಕೇಳಿದ್ದೀರಿ. ದಾರಿ ಇದೆ, ಸ್ವಲ್ಪ ಸುತ್ತು ಜಾಸ್ತಿ.

15ನೇ ಹಣಕಾಸು ಆಯೋಗ 2021-26ಕ್ಕೆ ರಾಜ್ಯದ ವಿಪತ್ತು ನಿಧಿಯನ್ನು ಎರಡು ಭಾಗ ಮಾಡಿತು. ನೂರರಲ್ಲಿ 80 ಪಾಲು ಪರಿಹಾರ, ಪುನರ್ನಿರ್ಮಾಣ, ಸಿದ್ಧತೆಗೆ. ಉಳಿದ 20 ಅಪಾಯ ತಗ್ಗಿಸುವ ಕೆಲಸಕ್ಕೆ. ನೀವು ಕಣ್ಣಿಡಬೇಕಾದ್ದು ಈ 20ರ ಮೇಲೆ. ಸುಮ್ನೆ ಪಂಚಾಯತಿ ಖಾತೆಗೆ ಬಂದು ಬೀಳುವ ದುಡ್ಡಲ್ಲ ಅದು. ಜಿಲ್ಲಾ ವಿಪತ್ತು ಪ್ರಾಧಿಕಾರಕ್ಕೆ ಪ್ರಸ್ತಾವ ಕೊಡಿ. ಅಲ್ಲಿ ಕಲೆಕ್ಟರ್ ಅಧ್ಯಕ್ಷರು, ಜಿಲ್ಲಾ ಪಂಚಾಯತಿ ಅಧ್ಯಕ್ಷರು ಸಹಾಧ್ಯಕ್ಷರು. ಕನ್ನಡದಲ್ಲೇ ಬರೆಯಿರಿ, ಕಾಸರಗೋಡಿನಲ್ಲಿ ನಮಗೆ ಆ ಹಕ್ಕಿದೆ.

ಅದಕ್ಕೆ ಮೊದಲು ಒಂದು ಕೆಲಸ. 2018ರ ನೆರೆಯ ನಂತರ ಕೇರಳದ ಪಂಚಾಯತಿಗಳು ವಿಪತ್ತು ಯೋಜನೆ ಬರೆದಿವೆ. ನಿಮ್ಮದನ್ನು ಕೇಳಿ ತೆಗೆಸಿ, ನಿಮ್ಮ ವಾರ್ಡ್ ಅದರಲ್ಲಿದೆಯಾ ನೋಡಿ. ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಸೇರಿಸಿ.

ಜೊತೆಗೆ ನೀರು ಏರಿದ ಗುರುತುಗಳ ಫೋಟೋ ಇಡಿ. ನಮ್ಮ ಪಂಪ್ ಶೆಡ್ಡಿನ ಗೋಡೆಯಲ್ಲಿ ಸೊಂಟದೆತ್ತರಕ್ಕೆ ಕೆಸರಿನ ಗೀಟು ಈಗಲೂ ಇದೆ. ಅಪ್ಪ ಅದರ ಪಕ್ಕ ಇದ್ದಿಲಲ್ಲಿ ತಾರೀಕು ಬರೆದಿದ್ದಾರೆ. ಉಪಗ್ರಹದ ಚಿತ್ರದಲ್ಲಿ ಅದು ಕಾಣುವುದಿಲ್ಲ, ಅಲ್ವಾ?