ಪಿಐಡಿ 1 ಓಡುತ್ತಿಲ್ಲವೇ?

ಪ್ರಿಯ ಬರಹಗಾರರೇ,

ಲಿನಕ್ಸ್‌ನಲ್ಲಿ ಇನ್ನೊಂದು ಪ್ರೋಸೆಸ್ ಓಡುತ್ತಿದೆಯೇ ಅಂತ ಪೈಥಾನ್ ಪ್ರೋಗ್ರಾಂ ಒಳಗಿಂದಲೇ ತಿಳಿಯುವುದು ಹೇಗೆ ಎಂಬ ನಿಮ್ಮ ಲೇಖನ ಓದಿದೆ. ಬರವಣಿಗೆ ಸಲೀಸಾಗಿದೆ. ರಾತ್ರಿ ಒಂದು ಬ್ಯಾಕಪ್ ಓಡುತ್ತಿರುವಾಗ ಇನ್ನೊಂದು ಶುರುವಾಗಬಾರದು ಎಂಬ ಉದಾಹರಣೆಯೂ ಚೆನ್ನಾಗಿದೆ. ಆದರೆ ಎರಡು ಕಡೆ ನನಗೆ ಸಿಟ್ಟೇ ಬಂತು.

‘ಪಿಎಸ್ ಕೊಟ್ಟ ಪಟ್ಟಿಯಲ್ಲಿ ಬ್ಯಾಕಪ್ ಅಂತ ಗ್ರೆಪ್ ಮಾಡಿ, ಒಂದು ಸಾಲು ಸಿಕ್ಕರೂ ಪ್ರೋಸೆಸ್ ಇದೆ ಎಂದರ್ಥ’ ಅಂದಿದ್ದೀರಿ. ಪಿಎಸ್ ಅಂದರೆ ಓಡುತ್ತಿರುವ ಪ್ರೋಸೆಸ್‌ಗಳ ಪಟ್ಟಿ ಕೊಡುವ ಕಮಾಂಡ್, ಗ್ರೆಪ್ ಅಂದರೆ ಅದರಲ್ಲಿ ಪದ ಹುಡುಕುವ ಕಮಾಂಡ್. ನಿಮ್ಮ ಈ ಸಾಲನ್ನು ಓಡಿಸಿ ನೋಡಿದ್ದೀರಾ? ಗ್ರೆಪ್ ಕೂಡ ಒಂದು ಪ್ರೋಸೆಸ್ಸೇ ಅಲ್ವಾ? ಅದರ ಆರ್ಗ್ಯುಮೆಂಟಿನಲ್ಲೇ ‘ಬ್ಯಾಕಪ್’ ಇದೆ, ಹಾಗಾಗಿ ಪಟ್ಟಿಯಲ್ಲಿ ಅದೂ ಬರುತ್ತದೆ. ನೀವು ಶೆಲ್ (ಕಮಾಂಡ್‌ಗಳನ್ನು ಓಡಿಸುವ ಪ್ರೋಗ್ರಾಂ) ಮೂಲಕ ಕರೆದಿದ್ದೀರಿ, ಆ ಶೆಲ್ಲಿನ ಸಾಲಿನಲ್ಲೂ ಅದೇ ಪದ. ಸಾಲದ್ದಕ್ಕೆ ಹುಡುಕುತ್ತಿರುವ ನಿಮ್ಮ ಸ್ಕ್ರಿಪ್ಟಿನ ಹೆಸರೂ ಬ್ಯಾಕಪ್! ಬೇರೆ ಯಾವ ಬ್ಯಾಕಪ್ ಇಲ್ಲದಿದ್ದರೂ ‘ಇದೆ’ ಅನ್ನುವ ಉತ್ತರವೇ ಬರುತ್ತದೆ. ನಿಮ್ಮನ್ನು ನಂಬಿದ ಓದುಗರ ಬ್ಯಾಕಪ್ ಶುರುವೇ ಆಗುವುದಿಲ್ಲ. ಪ್ರೋಸೆಸ್‌ಗಳನ್ನೇ ಹುಡುಕಲು ಇರುವ ಪಿಗ್ರೆಪ್ ತನ್ನನ್ನು ತಾನು ಎಣಿಸುವುದಿಲ್ಲ ನಿಜ. ಆದರೆ ‘ಎಫ್’ ಆಯ್ಕೆ ಕೊಡದಿದ್ದರೆ ಅದು ನೋಡುವುದು ಹೆಸರಿನ ಮೊದಲ 15 ಅಕ್ಷರ ಮಾತ್ರ.

ಇನ್ನು ಪಿಐಡಿ ಫೈಲಿನ ಭಾಗ. ಪಿಐಡಿ ಅಂದರೆ ಪ್ರತಿ ಪ್ರೋಸೆಸ್ಸಿಗೂ ಸಿಸ್ಟಂ ಕೊಡುವ ನಂಬರ್, ಪ್ರೋಗ್ರಾಂ ತನ್ನ ಆ ನಂಬರನ್ನು ಬರೆದಿಡುವುದು ಪಿಐಡಿ ಫೈಲಿನಲ್ಲಿ. ಪ್ರೋಸೆಸ್ಸಿಗೆ ಸಿಗ್ನಲ್ ಕಳಿಸುವ ಪೈಥಾನಿನ ಓಎಸ್.ಕಿಲ್‌ಗೆ ಸಿಗ್ನಲ್ 0 ಕೊಟ್ಟರೆ ಯಾರೂ ಸಾಯುವುದಿಲ್ಲ, ಬರೀ ತಪಾಸಣೆ ನಡೆಯುತ್ತದೆ. ಅದನ್ನು ಸರಿಯಾಗಿ ಬರೆದಿದ್ದೀರಿ. ಮುಂದಿನ ಸಾಲಿನಲ್ಲೇ ಕೆಡಿಸಿದ್ದೀರಿ: ‘ಎಕ್ಸೆಪ್ಟ್ ಓಎಸ್‌ಎರರ್, ರಿಟರ್ನ್ ಫಾಲ್ಸ್.’ ಅಂದರೆ ಅಂಥ ಯಾವ ಎರರ್ ಬಂದರೂ ‘ಓಡುತ್ತಿಲ್ಲ’ ಅನ್ನುವ ಉತ್ತರ. ಈ ಒಂದು ಬಲೆಗೆ ಎರಡು ಬೇರೆ ಬೇರೆ ಎರರ್ ಬೀಳುತ್ತವೆ. ಪ್ರೋಸೆಸ್‌ಲುಕಪ್‌ಎರರ್ ಬಂದರೆ ಅಂಥ ಪ್ರೋಸೆಸ್ ಇಲ್ಲ. ಪರ್ಮಿಷನ್‌ಎರರ್ ಬಂದರೆ ಪ್ರೋಸೆಸ್ ಇದೆ, ಅದನ್ನು ಮುಟ್ಟುವ ಹಕ್ಕು ನಿಮಗಿಲ್ಲ. ವಾಚ್‌ಮನ್ ಒಳಗೆ ಬಿಡಲಿಲ್ಲ ಅಂತ ಮನೆಯಲ್ಲಿ ಯಾರೂ ಇಲ್ಲ ಅನ್ನುತ್ತೀರಾ? ರೂಟ್ (ಎಲ್ಲ ಹಕ್ಕೂ ಇರುವ ಬಳಕೆದಾರ) ಆಗದೆ, ಸಾಮಾನ್ಯ ಬಳಕೆದಾರರಾಗಿ ನಿಮ್ಮ ಫಂಕ್ಷನ್ನಿಗೆ ಪಿಐಡಿ 1 ಕೊಟ್ಟು ನೋಡಿ. ಮಷೀನ್ ಬೂಟ್ ಆದಾಗ ಮೊದಲು ಏಳುವ ಪ್ರೋಸೆಸ್ ಅದು. ಅದೂ ಓಡುತ್ತಿಲ್ಲ ಅನ್ನುತ್ತದೆ ನಿಮ್ಮ ಕೋಡ್.

ನಾನು ಕೆಲಸ ಕಲಿಯುತ್ತಿದ್ದಾಗ ಒಬ್ಬ ಹಿರಿಯರ ಪಕ್ಕ ಕೂರುತ್ತಿದ್ದೆ. ಯಾವ ಕಮಾಂಡ್ ಹೇಳಿಕೊಟ್ಟರೂ ಅವರ ಮುಂದಿನ ಪ್ರಶ್ನೆ ಒಂದೇ: ‘ಇದು ಸುಳ್ಳು ಹೇಳೋದು ಯಾವಾಗ?’ ಒಮ್ಮೆ ಕರೆಂಟ್ ಹೋಗಿ ಸರ್ವರ್ ಆಫ್ ಆಯಿತು. ಮತ್ತೆ ಬೂಟ್ ಮಾಡಿದರೆ ಒಂದು ಸರ್ವಿಸ್ ಏಳಲೇ ಇಲ್ಲ, ‘ನಾನಾಗಲೇ ಓಡುತ್ತಿದ್ದೇನೆ’ ಅಂತ ಹಟ. ಅವರು ಹಳೆಯ ಪಿಐಡಿ ಫೈಲ್ ತೆರೆದು ಆ ನಂಬರ್ ಈಗ ಯಾರದು ಅಂತ ತೋರಿಸಿದರು. ಅದು ಪ್ರಿಂಟ್ ಸರ್ವಿಸ್ಸಿಗೆ ಹೋಗಿತ್ತು. ಪ್ರತಿ ಬೂಟ್‌ನಲ್ಲೂ ಹೆಚ್ಚುಕಡಿಮೆ ಅವೇ ಸರ್ವಿಸ್‌ಗಳು ಅದೇ ಕ್ರಮದಲ್ಲಿ ಏಳುವುದರಿಂದ ಸಣ್ಣ ನಂಬರುಗಳು ಹೀಗೆ ಅಕ್ಕಪಕ್ಕದವರ ಪಾಲಾಗುವುದು ಜಾಸ್ತಿ ಅಂದರು. ಅವರ ಪ್ರಶ್ನೆಯನ್ನು ನಿಮ್ಮ ಲೇಖನ ಒಂದು ಸಲವೂ ಕೇಳಿಕೊಂಡಿಲ್ಲ.

ಅಷ್ಟಕ್ಕೂ ನಿಮ್ಮ ಬ್ಯಾಕಪ್‌ಗೆ ಬೇಕಿರುವುದು ಒಂದೇ ಸಲಕ್ಕೆ ಒಬ್ಬನೇ ಓಡಬೇಕು ಅನ್ನುವುದು. ಅದಕ್ಕೆ ಫೈಲಿಗೆ ಬೀಗ ಹಾಕುವ ಎಫ್‌ಲಾಕ್ ಇದೆ. ಒಂದು ಫೈಲ್ ತೆರೆದು, ಕಾಯದೆ ಲಾಕ್ ಕೇಳಿ. ಸಿಗದಿದ್ದರೆ ಇನ್ನೊಬ್ಬ ಹಿಡಿದಿದ್ದಾನೆ, ಸುಮ್ನೆ ಹೊರಬನ್ನಿ. ನೋಡುವುದಕ್ಕೂ ಶುರು ಮಾಡುವುದಕ್ಕೂ ನಡುವೆ ಇನ್ನೊಬ್ಬ ನುಗ್ಗಲು ಸಂದಿಯೇ ಇರುವುದಿಲ್ಲ. ಲಾಕ್ ಹಿಡಿದವನು ಕಿಲ್ ಮೈನಸ್ 9ರಿಂದ (ಬಲವಂತವಾಗಿ ಕೊಲ್ಲುವ ಕಮಾಂಡ್) ಸತ್ತರೂ ಲಿನಕ್ಸ್‌ನ ತಿರುಳಾದ ಕರ್ನಲ್ಲೇ ಲಾಕ್ ಬಿಡಿಸುತ್ತದೆ. ಅವನಿಂದ ಫೋರ್ಕ್ ಆದ (ಕವಲೊಡೆದ) ಚೈಲ್ಡ್ ಪ್ರೋಸೆಸ್ ಆ ಫೈಲನ್ನು ತೆರೆದಿಟ್ಟುಕೊಂಡಿದ್ದರೆ ಮಾತ್ರ ಲಾಕ್ ಉಳಿಯುತ್ತದೆ, ಇದನ್ನು ಬರೆಯಲು ಮರೆಯಬೇಡಿ.

ವಿಂಡೋಸ್ ಭಾಗ ಈ ಸಲ ಬಿಡಿ. ಪಿಐಡಿ 1ಕ್ಕೆ ಬಂದ ಉತ್ತರವನ್ನು ಹಾಗೇ ಸೇರಿಸಿ, ಈ ಎರಡು ಭಾಗ ಮತ್ತೆ ಬರೆದು ಕಳಿಸಿ. ಓದಲು ಕಾಯುತ್ತಿರುತ್ತೇನೆ.

— ಸಂಪಾದಕ