ಸಹೋದ್ಯೋಗಿಯ ನೆನಪಿಗೆ ಅಂಡಾಶಯ ಕ್ಯಾನ್ಸರ್ ತಪಾಸಣಾ ಶಿಬಿರ ಮಾಡಬೇಕು, ಹೇಗೆ?

ಶಿಬಿರ ಮಾಡಲೇಬೇಡಿ. ನಾವು ಮಾಡಿ ಕೆಟ್ಟಿದ್ದೇವೆ.

ನಮ್ಮ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿದ್ದವರನ್ನು ಎಲ್ಲರೂ ಅಕ್ಕ ಅಂತಲೇ ಕರೀತಿದ್ದೆವು. ‘ಎರಡು ತುತ್ತಿಗೇ ಹೊಟ್ಟೆ ತುಂಬಿಹೋಗುತ್ತೆ ಕಣೇ’ ಅಂತ ಡಬ್ಬಿಯ ಚಿತ್ರಾನ್ನವನ್ನು ನನ್ನ ಮುಚ್ಚಳಕ್ಕೆ ಸುರಿಯೋರು. ಹೊಟ್ಟೆ ಉಬ್ಬರ ಬೇರೆ. ಕ್ಯೂ ಇದ್ದಾಗಲೇ ಮತ್ತೆ ಮತ್ತೆ ಟಾಯ್ಲೆಟ್ಟಿಗೆ ಎದ್ದು ಹೋಗಿ ಗ್ರಾಹಕರಿಂದ ಬೈಸಿಕೊಂಡದ್ದೂ ಉಂಟು. ಗ್ಯಾಸ್ಟ್ರಿಕ್ ಇರ್ಬೇಕು ಅಂದೆವು ಎಲ್ಲರೂ. ಈನೋ, ಜೀರಿಗೆ ಕಷಾಯ ಎಲ್ಲ ಆಯ್ತು. ಸ್ಕ್ಯಾನಿಂಗ್ ಮಾಡಿಸುವಷ್ಟರಲ್ಲಿ ಹೊಟ್ಟೆಯಲ್ಲಿ ನೀರು ತುಂಬಿಕೊಂಡಿತ್ತು, ಮೂರನೇ ಸ್ಟೇಜ್.

ಅವರು ತೀರಿಕೊಂಡ ಮೇಲೆ ದುಡ್ಡು ಒಟ್ಟು ಮಾಡಿ ಶಿಬಿರ ಇಟ್ಟೆವು. ಬ್ಯಾನರಿನಲ್ಲಿ ಅಕ್ಕನ ಫೋಟೋ, ಈ ಕ್ಯಾನ್ಸರಿನ ಹಸಿರುನೀಲಿ ರಿಬ್ಬನ್. ಒಳಗೆ ಮಾಡಿದ್ದು ಮಾತ್ರ ಪ್ಯಾಪ್ ಸ್ಮಿಯರ್! ಅದು ಗರ್ಭಕಂಠದ ಕ್ಯಾನ್ಸರಿಗೆ. ಒಳ್ಳೆ ಪರೀಕ್ಷೆಯೇ, ಆದರೆ ಗರ್ಭಕೋಶದ ಬಾಯಿಯಲ್ಲಿ ಒಂದಿಷ್ಟು ಜೀವಕೋಶ ಕೆರೆದು ತೆಗೀತಾರೆ, ಅಷ್ಟೇ. ಅಂಡಾಶಯ ಇರೋದು ಇನ್ನೂ ಒಳಗೆ, ಅಕ್ಕಪಕ್ಕದಲ್ಲಿ. ಅದರ ಸುದ್ದಿಯೇ ಈ ಪರೀಕ್ಷೆಗೆ ಗೊತ್ತಾಗೋದಿಲ್ಲ. ಇದನ್ನು ವಿಚಾರಿಸಬೇಕಾದವಳು ನಾನು, ವಿಚಾರಿಸಲಿಲ್ಲ. ‘ನಾರ್ಮಲ್’ ಅಂತ ಬಂದವರೆಲ್ಲ ಅಕ್ಕನಿಗೆ ಬಂದದ್ದು ತಮಗಿಲ್ಲ ಅಂದುಕೊಂಡು ಹೋದರು. ಅದರಲ್ಲಿ ಒಬ್ಬರಿಗೆ ಆಗಲೇ ಹೊಟ್ಟೆ ಉಬ್ಬರ ಇತ್ತಂತೆ. ಆ ರಿಪೋರ್ಟ್ ನಂಬಿಕೊಂಡು ತಿಂಗಳುಗಟ್ಟಲೆ ಸುಮ್ನಿದ್ದರು, ಆಮೇಲೆ ಗಡ್ಡೆ ಸಿಕ್ಕಿತು.

ಹಾಗಾದರೆ ಸಿಎ-125 ರಕ್ತಪರೀಕ್ಷೆ (ಅಂಡಾಶಯ ಕ್ಯಾನ್ಸರ್ ಇದ್ದಾಗ ರಕ್ತದಲ್ಲಿ ಏರಬಹುದಾದ ಒಂದು ಪ್ರೋಟೀನ್ ಅಳೆಯೋದು) ಇಡೋಣ ಅಂತೀರಾ? ಅದೂ ಬೇಡ. ಬ್ರಿಟನ್ನಿನಲ್ಲಿ 2 ಲಕ್ಷ ಹೆಂಗಸರನ್ನು ಸೇರಿಸಿಕೊಂಡು ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎರಡನ್ನೂ ವರ್ಷಗಟ್ಟಲೆ ಮಾಡಿ ನೋಡಿದರು. ಸಾವು ಕಡಿಮೆಯಾಗಲಿಲ್ಲ ಅಂತ 2021ರಲ್ಲಿ ವರದಿ ಬಂತು. ಮುಟ್ಟಾದಾಗಲೂ ಸಿಎ-125 ಏರಬಹುದು, ಸುಮ್ನೆ ಗಾಬರಿ. ತೊಂದರೆ ಇದ್ದು ಡಾಕ್ಟರೇ ಬರೆದುಕೊಟ್ಟರೆ ಆ ಮಾತು ಬೇರೆ.

ಊಟದ ಹೊತ್ತಿಗೆ ಗಂಡಸರನ್ನೂ ಕೂರಿಸಿಕೊಂಡು ಮಾತಾಡಿ, ಸಾಕು. ಹೊಟ್ಟೆ ಉಬ್ಬರ, ಬೇಗ ಹೊಟ್ಟೆ ತುಂಬೋದು, ಕಿಬ್ಬೊಟ್ಟೆ ನೋವು, ಪದೇ ಪದೇ ಮೂತ್ರ. ಇವು ಹೊಸದಾಗಿ ಶುರುವಾಗಿ ಎರಡು ಮೂರು ವಾರ ಹೆಚ್ಚುಕಮ್ಮಿ ದಿನಾ ಇದ್ದರೆ ಲೇಡಿ ಡಾಕ್ಟರ ಹತ್ತಿರ ಹೋಗಿ, ಅಂಡಾಶಯ ನೋಡಿ ಅಂತ ಬಾಯಿಬಿಟ್ಟು ಕೇಳಬೇಕು. ‘ಈ ವಯಸ್ಸಲ್ಲಿ ಇದೆಲ್ಲ ಇದ್ದದ್ದೇ’ ಅನ್ನೋರ ಮಾತು ಕೇಳಬೇಡಿ.

ನಿಮ್ಮ ಸಹೋದ್ಯೋಗಿಗೆ ಮಗಳೋ ತಂಗಿಯೋ ಇದ್ದಾರಾ? ಬಿಆರ್‌ಸಿಎ ಜೀನ್ ಪರೀಕ್ಷೆ ಬೇಕಾ ಅಂತ ಕ್ಯಾನ್ಸರ್ ಡಾಕ್ಟರ ಹತ್ತಿರ ಕೇಳೋಕೆ ಹೇಳಿ. ಈ ಜೀನಿನಲ್ಲಿ ದೋಷ ಇದ್ದರೆ ಅಂಡಾಶಯ, ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಜಾಸ್ತಿ. ಆ ದೋಷ ಅಪ್ಪನ ಕಡೆಯಿಂದಲೂ ಬರುತ್ತೆ, ಜಾಸ್ತಿ ಜನಕ್ಕೆ ಗೊತ್ತಿಲ್ಲ. ಮನೆಯವರು ಒಪ್ಪಿದರೆ ಶಿಬಿರದ ದುಡ್ಡು ಆ ಖರ್ಚಿಗೇ ಕೊಡಿ.