ದೋಣಿಯ ವೈರಿಂಗಿಗೆ ಎಷ್ಟು ಆಂಪಿನ ಫ್ಯೂಸ್ ಹಾಕಬೇಕು?

ನೀವು ಕೇಳಿದ್ದು ಇಷ್ಟು: ತೋಟದ ಕೆರೆಯಲ್ಲಿ ಹೋಂಸ್ಟೇಗೆ ಬಂದವರಿಗೆ ಅಂತ ಒಂದು ಫೈಬರ್ ದೋಣಿ ಇದೆ. 12 ವೋಲ್ಟ್ ಬ್ಯಾಟರಿಯಲ್ಲಿ ಟ್ರೋಲಿಂಗ್ ಮೋಟರ್ (ದೋಣಿ ಓಡಿಸುವ ಚಿಕ್ಕ ಮೋಟರ್), ನಾಲ್ಕು ಎಲ್‌ಇಡಿ ದೀಪ, ತಳದ ನೀರು ಹೊರಹಾಕುವ ಪಂಪ್ ನಡೆಯಬೇಕು. ಎಲ್ಲಕ್ಕೂ ಸೇರಿಸಿ 30 ಆಂಪಿನ ಒಂದೇ ಫ್ಯೂಸ್ ಸಾಕಾ, ಇಲ್ಲ ಮನೆಯ ಎಂಸಿಬಿ (ತಾನೇ ಬೀಳುವ ಬ್ರೇಕರ್) ಹಾಕಬಹುದಾ ಅಂತ. ದಯವಿಟ್ಟು ಎರಡೂ ಬೇಡ.

ನಾನು ಕೊಡಗಿನ ಸುಂಟಿಕೊಪ್ಪದ ಕಡೆ ತೋಟಗಳ ಪಂಪ್‌ಸೆಟ್ ವೈರಿಂಗ್ ಮಾಡುವವನು. ಒಂದು ತೋಟದಲ್ಲಿ ನಿಮ್ಮದೇ ಥರದ ದೋಣಿಯ ದೀಪ ಹತ್ತುತ್ತಿಲ್ಲ ಅಂತ ಕರೆದಿದ್ದರು. ಸೀಟು ಎತ್ತಿ ನೋಡಿದೆ. ದೀಪಕ್ಕೆ ಎಳೆದಿದ್ದು 0.75 ಚದರ ಮಿಮೀ ವೈರ್. ಸೀಟಿನ ಹಿಂಜಿಗೆ ಸಿಕ್ಕಿ ಎರಡೂ ಎಳೆಯ ಸಿಪ್ಪೆ ಸವೆದು, ತಾಮ್ರ ಹಸಿರುಗಟ್ಟಿತ್ತು. ಅಲ್ಲಿಂದ ಬ್ಯಾಟರಿಯವರೆಗೂ ಸಿಪ್ಪೆ ಬೆಲ್ಲದ ಪಾಕದಂತೆ ಕರಗಿ ಗಟ್ಟಿಯಾಗಿತ್ತು. ಕೆಳಗಿನ ಫೈಬರ್ ಕಂದಿತ್ತು. ಹಸಿರು ಬಣ್ಣದ 30 ಆಂಪ್ ಫ್ಯೂಸ್ ಮಾತ್ರ ಹೊಸದರಂತೆ ಕೂತಿತ್ತು!

ಪೂರ್ತಿ ಶಾರ್ಟ್ ಆಗಿದ್ದರೆ ಅದು ಹಾರುತ್ತಿತ್ತು. ಅರೆಬರೆ ತಾಗಿದಾಗ ಹರಿದ ಕರೆಂಟು 30 ದಾಟಲಿಲ್ಲ. ಫ್ಯೂಸಿಗೆ ಅದು ಲೆಕ್ಕಕ್ಕೇ ಇಲ್ಲ, ಆ ತೆಳು ವೈರಿಗೆ ಬೆಂಕಿ. ಫ್ಯೂಸ್ ಕಾಯಬೇಕಾದ್ದು ವೈರನ್ನು. ಆದ್ದರಿಂದ ಪ್ರತಿ ಲೈನಿಗೂ ಬೇರೆ ಫ್ಯೂಸ್. ಅದು ಉಪಕರಣ ಎಳೆಯುವುದಕ್ಕಿಂತ ಸ್ವಲ್ಪ ಜಾಸ್ತಿ ಇರಬೇಕು, ವೈರ್ ತಾಳುವುದಕ್ಕಿಂತ ಕಡಿಮೆ ಇರಬೇಕು.

ದೀಪದ ಲೆಕ್ಕ ಸುಲಭ. 6 ವ್ಯಾಟಿನ ನಾಲ್ಕು ದೀಪ ಅಂದರೆ 24 ವ್ಯಾಟ್, 12ರಿಂದ ಭಾಗಿಸಿದರೆ 2 ಆಂಪ್. 1.5 ಚದರ ಮಿಮೀ ವೈರ್ ಎಳೆದು 5 ಆಂಪ್ ಫ್ಯೂಸ್ ಹಾಕಿ. ಮೋಟರಿಗೆ ಬ್ಯಾಟರಿಯಿಂದಲೇ ಬೇರೆ ದಪ್ಪ ವೈರ್. ಪ್ಲೇಟಿನಲ್ಲಿ ಗರಿಷ್ಠ 30 ಆಂಪ್ ಅಂತಿದ್ದರೆ 40ರ ಬ್ರೇಕರ್, 10 ಚದರ ಮಿಮೀ ವೈರ್. 50 ಅಂತಿದ್ದರೆ 60ರ ಬ್ರೇಕರ್, 16 ಚದರ ಮಿಮೀ. ಜೊತೆಗೆ ಬಂದ ಪುಸ್ತಕದಲ್ಲಿ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ.

ಬ್ರೇಕರ್ ಡಿಸಿಯದ್ದೇ, ಅಂದರೆ ಬ್ಯಾಟರಿ ಕರೆಂಟಿಗೆ ಮಾಡಿದ್ದೇ ಆಗಬೇಕು. ಮನೆಯ ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತದೆ, ಬ್ರೇಕರ್ ತೆರೆದಾಗ ಏಳುವ ಕಿಡಿ ಆಗ ಆರುತ್ತದೆ. ಬ್ಯಾಟರಿ ಕರೆಂಟು ಸೊನ್ನೆಗೆ ಬರುವುದೇ ಇಲ್ಲ. ಎಸಿ ಅಂತ ಮಾತ್ರ ಬರೆದಿರುವುದನ್ನು ನಂಬಬೇಡಿ. ಸೋಲಾರ್ ಅಂಗಡಿಯಲ್ಲಿ ಡಿಸಿ ಎಂಸಿಬಿ ಸಿಗುತ್ತದೆ. ಅದರ ಮೇಲೆ ಪ್ಲಸ್, ಮೈನಸ್ ಗುರುತಿದ್ದರೆ ತಿರುಗಾ ಮುರುಗಾ ಮಾಡಬಾರದು. ನಮ್ಮ ಮಳೆಗೆ ನೀರು ಹೋಗದಂಥ ಡಬ್ಬಿಯೂ ಬೇಕು.

ಫ್ಯೂಸು, ಬ್ರೇಕರು ಎಲ್ಲಾ ಬ್ಯಾಟರಿಯ ಪ್ಲಸ್‌ನಿಂದ 7 ಇಂಚಿನೊಳಗೆ, ಒಂದು ಗೇಣಿಗಿಂತ ಕಮ್ಮಿ. ಅಮೆರಿಕದ ದೋಣಿಗಳ ಎಬಿವೈಸಿ ನಿಯಮದಲ್ಲಿರುವ ಅಳತೆಯೂ ಇದೇ. ಫ್ಯೂಸಿಗಿಂತ ಹಿಂದಿನ ತುಂಡು ವೈರನ್ನು ಕಾಯುವವರು ಯಾರೂ ಇಲ್ಲ ಅಲ್ವಾ?

ಇನ್ನೊಂದು ಮಾತು, ಬೇಜಾರಾಗಬೇಡಿ. ಕಾಫಿ ಹೂ ಅರಳಲು ನೀರು ಬೇಕಾಗುವ ಬ್ಲಾಸಮ್ ಶವರ್ ಹೊತ್ತಿನಲ್ಲಿ ಪಂಪ್‌ಹೌಸಿನ ಫ್ಯೂಸ್ ಹೋದರೆ ಎರಡೆಳೆ ತಾಮ್ರ ಸುತ್ತಿ ಓಡಿಸುವ ಅಭ್ಯಾಸ ನಮ್ಮ ಕಡೆ ಇದೆ. ದೋಣಿಯಲ್ಲಿ ಯಾರಿಗೂ ಅದನ್ನು ಮಾಡಲು ಬಿಡಬೇಡಿ. ಪಂಪ್‌ಹೌಸಿಗೆ ಬೆಂಕಿ ಹತ್ತಿದರೆ ಹೊರಗೆ ಓಡಬಹುದು. ಕೆರೆಯ ನಡುವೆ, ಮಕ್ಕಳನ್ನು ಕೂರಿಸಿಕೊಂಡು, ಎಲ್ಲಿಗೆ ಓಡುವುದು?

ದೋಣಿಯ ಪಂಪಿಗೆ ಕಂಪನಿ ಬರೆದ ಆಂಪಿನ ಫ್ಯೂಸ್ ಬಿಟ್ಟು ಬೇರೆ ಹಾಕಲೇಬೇಡಿ. ತರಗೆಲೆ ಸಿಕ್ಕಿ ಫ್ಯಾನ್ ನಿಂತರೆ ಕರೆಂಟು ಏರುತ್ತದೆ. ಸರಿಯಾದ ಫ್ಯೂಸ್ ಆಗ ಹಾರುತ್ತದೆ, ದೊಡ್ಡದಿದ್ದರೆ ಪಂಪೇ ಸುಟ್ಟುಹೋಗುತ್ತದೆ. ಮತ್ತೆ, ಪಂಪಿನ ಲೈನನ್ನು ಮೇನ್ ಸ್ವಿಚ್ಚಿನ ಮೂಲಕ ಒಯ್ಯಬೇಡಿ. ಅದರದ್ದೇ ಫ್ಯೂಸ್ ಹಾಕಿ ಫ್ಲೋಟ್ ಸ್ವಿಚ್ಚಿಗೆ (ನೀರು ಏರಿದಾಗ ತಾನೇ ಪಂಪ್ ಆನ್ ಮಾಡುವ ಸ್ವಿಚ್) ನೇರ ಬ್ಯಾಟರಿಯಿಂದ ಕೊಡಿ. ಜೂನ್, ಜುಲೈ ರಾತ್ರಿ ಸುರಿಯುವ ಮಳೆಗೆ ಎಲ್ಲ ಆಫ್ ಮಾಡಿ ಮಲಗಿದರೆ ಬೆಳಿಗ್ಗೆ ದೋಣಿ ಕೆರೆಯ ತಳದಲ್ಲಿರುತ್ತದೆ.

ಮೋಟರ್ ಪ್ಲೇಟಿನ ಅಂಕಿ ಮತ್ತು ಬ್ಯಾಟರಿಯಿಂದ ಮೋಟರಿಗೆ ಎಷ್ಟು ಅಡಿ ಅಂತ ಬರೆಯಿರಿ. ಉದ್ದ ಜಾಸ್ತಿಯಾದರೆ ವೋಲ್ಟೇಜ್ ಇಳಿಯುತ್ತದೆ, ವೈರ್ ಇನ್ನೂ ದಪ್ಪ ಬೇಕಾಗಬಹುದು. ಲೆಕ್ಕ ಹಾಕಿ ಹೇಳುತ್ತೇನೆ.